ದೇವಮಾತೃಕದಿಂದ ನದೀಮಾತೃಕಕ್ಕೆ: ಬಳ್ಳಾರಿ ಸೀಮೆಯ ಎರೆಭೂಮಿಯ ವಿಚಾರ

ಅಮರಸಿಂಹನು ತನ್ನ ನಾಮಲಿಂಗಾನುಶಾಸನದ ಭೂಮಿವರ್ಗದಲ್ಲಿ, ನದಿಯ ನೀರಿನಿಂದ ಬೆಳೆ ಬೆಳೆಯುವ ದೇಶಕ್ಕೆ ನದೀಮಾತೃಕವೆಂದೂ ಮಳೆಯ ನೀರಿನಿಂದ ಬೆಳೆಯುವ ದೇಶಕ್ಕೆ ದೇವಮಾತೃಕವೆಂದೂ ಹೆಸರು ಹೇಳಿದ್ದಾನೆ. ಒಂದಕ್ಕೆ ಹೊಳೆಯೇ ತಾಯಿ. ಮತ್ತೊಂದಕ್ಕೆ ಮಳೆಗರೆಯುವ ದೇವನೇ ತಾಯಿ. ಕೋಶವನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗಳು ಈ ಎರಡು ಶಬ್ದಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ಒಂದು ಸೀಮೆಯು ನಡುವೆ ತನ್ನ ತಾಯಿಯನ್ನು ಬದಲಾಯಿಸಿಕೊಂಡರೆ ಏನಾಗುವುದೆಂಬ ವಿಚಾರ ಕೋಶಕ್ಕೆ ಸೇರಿದುದಲ್ಲ. ಅದಕ್ಕೆ ಉತ್ತರ ಬೇಕಾದವರು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಸೀಮೆಗಳ ಎರೆಹೊಲಗಳನ್ನು ನೋಡಬೇಕು. ಅಸಂಖ್ಯ ವರ್ಷಗಳ ಕಾಲ ದೇವಮಾತೃಕವಾಗಿದ್ದ ಆ ಹೊಲಗಳಲ್ಲಿ ಬಹುಭಾಗವು 1953ರಿಂದೀಚೆಗೆ ತುಂಗಭದ್ರೆಯ ಕಾಲುವೆಗಳ ಮೂಲಕ ನದೀಮಾತೃಕವಾಯಿತು. ಆ ಮಾರ್ಪಾಟಿನಿಂದ ಮಣ್ಣಿಗೂ ಬೆಳೆಗೂ ಹಕ್ಕಿಪಕ್ಷಿಗಳಿಗೂ ಮನುಷ್ಯರ ಆರೋಗ್ಯಕ್ಕೂ ಉಂಟಾದ ಫಲಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ದೇಶಭೇದಗಳನ್ನು ಕೋಶಕಾರರಿಗಿಂತ ಸೂಕ್ಷ್ಮವಾಗಿ ನೋಡಿದವರು ಆಯುರ್ವೇದದ ಆಚಾರ್ಯರು. ಚರಕ ಸುಶ್ರುತರಿಬ್ಬರೂ ದೇಶವನ್ನು ಜಾಂಗಲ, ಅನೂಪ, ಸಾಧಾರಣವೆಂದು ಮೂರು ಬಗೆಯಾಗಿ ವಿಭಾಗಿಸಿದ್ದಾರೆ. ಜಾಂಗಲವೆಂದರೆ ನೀರೂ ಮರವೂ ಅಲ್ಪವಾಗಿ, ಆಕಾಶವು ಬಯಲಾಗಿ ಕಾಣುವ, ಒಣಗಾಳಿ ಬೀಸುವ ದೇಶ. ಖದಿರ, ಶಮೀ, ಬದರೀ, ಅಂದರೆ ಕಗ್ಗಲಿ, ಬನ್ನಿ, ಎಲಚಿ ಮುಂತಾದುವು ಅಲ್ಲಿಯ ಗಿಡಮರಗಳು. ಲಾವುಗೆ, ತಿತ್ತಿರಿಗಳು ಅಲ್ಲಿಯ ಹಕ್ಕಿಗಳು. ಅನೂಪವಾದರೋ ನೀರು ನಿಂತ, ಕೆಸರು ತುಂಬಿದ ದೇಶ. ಅದರ ಗಿಡ ಬೇರೆ, ಪ್ರಾಣಿ ಬೇರೆ, ಅಲ್ಲಿಯ ಜನರಿಗೆ ಬರುವ ರೋಗವೂ ಬೇರೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಇಂದು ‘ಜಂಗಲು’ ಎಂದೊಡನೆ ದಟ್ಟವಾದ ಅಡವಿ ಮನಸ್ಸಿಗೆ ಬರುವುದು. ಇಂಗ್ಲಿಷರೂ ಆ ಶಬ್ದವನ್ನು ಹಾಗೆಯೇ ತೆಗೆದುಕೊಂಡು ಹೋದರು. ಮೂಲದಲ್ಲಿ ಅದು ಅಡವಿಗೆ ವಿರುದ್ಧವಾದ ಬಯಲುಸೀಮೆಯ ಹೆಸರು. ಫ್ರೆಂಚ್ ವಿದ್ವಾಂಸನಾದ ಫ್ರಾನ್ಸಿಸ್ ಜಿಮ್ಮರ್‌ಮನ್ನನು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅರ್ಥವಿಪರ್ಯಾಸವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಶಬ್ದದ ಅರ್ಥ ಜಾರಿದುದರಿಂದ ಒಂದು ಅನರ್ಥವೂ ಆಗಿದೆ: ಮರವಿಲ್ಲದ ಬಯಲನ್ನು ಕಂಡವರು ಅದನ್ನು ಪಾಳು ನೆಲವೆಂದು ಎಣಿಸತೊಡಗಿದರು. ಆಯುರ್ವೇದವು ಅದನ್ನು ಪಾಳೆಂದು ಹೇಳಲಿಲ್ಲ. ರೋಗಗಳು ಅಲ್ಪವಾದ, ಬಲಿಷ್ಠರಾದ ಜನರು ವಾಸಿಸುವ ದೇಶವೆಂದು ಹೊಗಳಿತು.

ನೆಲ, ನೀರು, ಉದ್ಭಿಜ್ಜ, ಜಂತು ಇವುಗಳ ಪರಸ್ಪರ ಸಂಬಂಧವನ್ನು ವಿಚಾರಿಸುವ ಶಾಸ್ತ್ರಕ್ಕೆ ಜರ್ಮನಿಯ ಎರ್ನ್ಸ್ಟ್ ಹೆಕೆಲನು 1866ರಲ್ಲಿ ಒಂದು ಹೆಸರನ್ನು ಕಲ್ಪಿಸಿದನು. ಗ್ರೀಕ್ ಭಾಷೆಯಲ್ಲಿ ಮನೆಯೆಂಬ ಅರ್ಥವುಳ್ಳ ಪದದಿಂದ ಅದು ಹುಟ್ಟಿತು. ಕನ್ನಡದಲ್ಲಿ ಅದನ್ನು ಪರಿಸರಶಾಸ್ತ್ರವೆಂದು ವ್ಯವಹರಿಸುತ್ತಾರೆ. ಒಂದು ಮನೆಯಲ್ಲಿ ಒಲೆ, ಬಚ್ಚಲು, ಹಿತ್ತಿಲು, ಕೊಟ್ಟಿಗೆಗಳು ಒಂದರ ಕೊಳೆಯನ್ನು ಮತ್ತೊಂದು ಉಣ್ಣುವಂತೆ ಹೊಂದಿಕೊಂಡಿರುವ ಹಾಗೆ, ಭೂಮಿಯಲ್ಲಿಯೂ ಯಾವುದೊಂದು ಪದಾರ್ಥವೂ ನಾಶವಾಗದೆ ಕೈಯಿಂದ ಕೈಗೆ ಸಾಗುತ್ತಿರುವುದು. ಗಿಡವು ಮಣ್ಣಿನ ಸಾರವನ್ನು ಹೀರುವುದು. ಅದನ್ನು ಮಿಡತೆ ತಿನ್ನುವುದು. ಮಿಡತೆಯನ್ನು ಹಕ್ಕಿ ತಿನ್ನುವುದು. ಹಕ್ಕಿ ಸತ್ತರೆ ಸೂಕ್ಷ್ಮಜಂತುಗಳು ಅದನ್ನು ಮತ್ತೆ ಮಣ್ಣುಮಾಡುವುವು. ನೀರು ಆವಿಯಾಗಿ ಹೋದರೂ ಅದರಲ್ಲಿ ಕರಗಿದ್ದ ಉಪ್ಪು ಹೋಗದು. ಅದು ಎಲ್ಲಿಯಾದರೂ ಉಳಿಯಲೇಬೇಕು. ಈ ಕಡೆಯ ಮಾತು ತೀರ ಸಾಮಾನ್ಯವೆಂದು ತೋರುವುದಾದರೂ ಸಿರುಗುಪ್ಪದ ಸಂಕಟವೆಲ್ಲ ಇದರಲ್ಲಿಯೇ ಅಡಗಿದೆ.

ಬಳ್ಳಾರಿ ಸೀಮೆಯು ಶಾಸ್ತ್ರೋಕ್ತವಾದ ಜಾಂಗಲ ದೇಶ. ವರ್ಷಕ್ಕೆ ಸುಮಾರು 20 ಅಂಗುಲ ಮಳೆ. ಅದರಲ್ಲಿಯೂ ಹೆಚ್ಚಿನ ಪಾಲು ಮುಂಗಾರಿನ ಕೊನೆಗೆ, ಭಾದ್ರಪದ ಆಶ್ವಯುಜಗಳಲ್ಲಿ ಬೀಳುವುದು. ಬಳ್ಳಾರಿ ನಗರದೊಳಗೆ ಎದ್ದಿರುವ ಕೋಟೆಯ ಗುಡ್ಡವೂ ಕುರುಗೋಡಿನ ಬೆಟ್ಟಗಳೂ ಕಣಶಿಲೆಯವು. ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರು ಕುರುಗೋಡನ್ನು ನೆಲೆಮಾಡಿಕೊಂಡದ್ದು ಈ ಬೆಟ್ಟಗಳ ಆಶ್ರಯದಲ್ಲಿಯೇ. ಊರಿನ ಹೆಸರಿನ ಉತ್ತರಾರ್ಧವಾದ ‘ಕೋಡು’ ಎಂಬುದೂ ಬೆಟ್ಟದ ಶಿಖರವನ್ನೇ ಹೇಳುವುದು. ಇಂಥ ಕಲ್ಲುಗುಡ್ಡಗಳ ಬುಡದಲ್ಲಿ ಕೆಂಪಾದ ಮಸಾರಿ ನೆಲವುಂಟು. ಅದನ್ನು ಬಿಟ್ಟು ಸಿರುಗುಪ್ಪದ ಕಡೆಗೆ ನಡೆದಂತೆ ನೆಲವು ಕಪ್ಪಾಗುತ್ತ ಹೋಗಿ ಆಳವಾದ ಎರೆಯಾಗುವುದು. ಇವೆರಡು ಮಣ್ಣುಗಳ ಸ್ವಭಾವದಲ್ಲಿ ಅಜಗಜಾಂತರವಿದೆ. ಮಸಾರಿಯು ನೀರನ್ನು ಬೇಗ ಕುಡಿದು ಬೇಗ ಬಿಡುವುದು. ಎರೆಯು ನಯವಾದ ಜೇಡಿ. ನೀರು ತಾಕಿದರೆ ಉಬ್ಬಿ, ಒಣಗಿದರೆ ಕುಗ್ಗಿ, ಬೇಸಗೆಯಲ್ಲಿ ಕೈಯಿಡುವಷ್ಟು ಅಗಲವಾಗಿ ಬಿರಿಯುವುದು. ಮೊದಲ ಮಳೆಗೆ ಮೇಲ್ಮಣ್ಣು ಆ ಬಿರುಕುಗಳಿಗೆ ಉದುರಿ ತುಂಬುವುದರಿಂದ ನೆಲವು ತನ್ನನ್ನು ತಾನೇ ಉತ್ತುಕೊಳ್ಳುವುದೆಂದು ಹೇಳಬಹುದು. ಒಮ್ಮೆ ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲೆ ನೀರು ಕೆಳಕ್ಕೆ ಇಳಿಯುವುದು ಅತಿ ನಿಧಾನ. ಈ ಸ್ವಭಾವವನ್ನು ಅರಿತೇ ರೈತರು ಮುಂಗಾರಿನಲ್ಲಿ ಹೊಲವನ್ನು ಕುಂಟೆ ಹೊಡೆದು ಬಿಟ್ಟು, ಹಿಂಗಾರಿಯಲ್ಲಿ ಬಿಳಿಜೋಳ, ಹತ್ತಿ, ಕಡಲೆ, ಕುಸುಬೆಗಳನ್ನು ಬಿತ್ತುತ್ತಿದ್ದರು. ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ಹಸಿಯೊಂದರಿಂದಲೇ ಆ ಪೈರುಗಳು ಮಾಗಿಯ ಇಬ್ಬನಿಯಲ್ಲಿ ಬೆಳೆದು ಬರುತ್ತಿದ್ದುವು. ಮಳೆ ತಪ್ಪಿದ ವರ್ಷ ಬರ. ಅದರ ಕ್ರೌರ್ಯವನ್ನು ಮರೆಮಾಚತಕ್ಕದ್ದಿಲ್ಲ. 1876-78ರ ಕ್ಷಾಮದಲ್ಲಿ ಈ ಜಿಲ್ಲೆ ಅನುಭವಿಸಿದ ಪ್ರಾಣಹಾನಿಯನ್ನು ನೆನೆದರೆ, ಹೊಳೆಯ ನೀರನ್ನು ಬಯಲಿಗೆ ತರಬೇಕೆಂದು ಹಂಬಲಿಸಿದವರನ್ನು ಯಾರೂ ದೂರಲಾರರು.

ಈ ಎರೆಯ ಒಡಲಿನಲ್ಲಿ ಉಪ್ಪು ಮೊದಲಿನಿಂದಲೂ ಇತ್ತು. ಅಮರನು ಸರ್ವಸಸ್ಯಗಳನ್ನೂ ಬೆಳೆಯುವ ಭೂಮಿಗೆ ಉರ್ವರೆಯೆಂದು ಹೇಳಿದೊಡನೆಯೇ, ಅದೇ ಶ್ಲೋಕಾರ್ಧದಲ್ಲಿ, ಕ್ಷಾರಮೃತ್ತಿಕೆಗೆ ಊಷವೆಂದು ಹೆಸರಿಟ್ಟಿರುವುದು ಕಾಕತಾಳೀಯವಿರಬಹುದು. ಆದರೆ ಬಳ್ಳಾರಿ ಸೀಮೆಯ ಮಟ್ಟಿಗೆ ಅವೆರಡೂ ನಿಜವಾಗಿಯೂ ಅಕ್ಕಪಕ್ಕದ ನೆಲಗಳೇ. ತಗ್ಗಿನ ಜಾಗಗಳಲ್ಲಿ ಹೂಗಟ್ಟಿದ ಚೌಳುಮಣ್ಣನ್ನು ಅಗಸರು ಬಟ್ಟೆ ಒಗೆಯಲು ಒಯ್ಯುತ್ತಿದ್ದರು. ಉಪ್ಪಾರರು ಅಂಥ ಮಣ್ಣಿಗೆ ನೀರು ಹೊಯ್ದು ಸೋಸಿ, ಆ ನೀರನ್ನು ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರು; ಆ ಕುಲದ ಹೆಸರೇ ಇದಕ್ಕೆ ಸಾಕ್ಷಿ. ಇದರಿಂದ ವ್ಯಕ್ತವಾಗುವುದೇನೆಂದರೆ, ಕಾಲುವೆ ಬರುವುದಕ್ಕೆ ಮೊದಲು ಉಪ್ಪು ಇತ್ತು, ಆದರೆ ಅಲ್ಪವಾದ ಮಳೆಯು ಅದನ್ನು ಬೇರಿಗಿಂತ ಕೆಳಗೆ, ಅದರ ಸ್ಥಾನದಲ್ಲಿ ಇರಿಸಿತ್ತು.

ಸಿರುಗುಪ್ಪದಲ್ಲಿ ಹಿಂದೆ ಹೊಳೆಯ ನೀರಾವರಿಯೇ ಇರಲಿಲ್ಲವೆಂದು ಇದರಿಂದ ತಿಳಿಯಲಾಗದು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಹಲವು ಒಡ್ಡುಗಳನ್ನು ಕಟ್ಟಿ ಕಾಲುವೆ ತೆಗೆದಿದ್ದರು. ರಾಯಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಹೊಸಪೇಟೆ ಹಂಪೆಗಳ ಕಡೆಯವು. ರಾಮಸಾಗರ, ಕಂಪ್ಲಿಯವು ಅವುಗಳಿಗೆ ಕೆಳಗೆ. ಸಿರುಗುಪ್ಪ, ದೇಶನೂರುಗಳವು ಇನ್ನೂ ಕೆಳಗೆ. ‘ಸಿರಿಯ ಗುಪ್ಪೆ’ ಎಂದು ಜನರು ಊರಿನ ಹೆಸರನ್ನು ಬಿಡಿಸುವುದಕ್ಕೆ ಆ ಕಾಲುವೆಯ ಗದ್ದೆಗಳೇ ಕಾರಣವಿರಬೇಕು. ಆ ಕಾಲುವೆಗಳ ಗುಣವೇನೆಂದರೆ, ಅವು ಹೊಳೆಯ ದಡವನ್ನು ಬಿಟ್ಟು ಬಹುದೂರ ಹೋಗುವುದಿಲ್ಲ. ಗದ್ದೆಗೆ ಉಣಿಸಿ ಮಿಕ್ಕ ನೀರು ಇಳಿಜಾರಿನಲ್ಲಿ ಮತ್ತೆ ಹೊಳೆಗೇ ಸೇರುವುದು. ಉಪ್ಪು ಬಂದ ದಾರಿಯಲ್ಲಿಯೇ ಹೋಗುವುದು.

ಆ ಕಾಲದ ಜಲಶಾಸ್ತ್ರಜ್ಞರು ಇದನ್ನು ಕೇವಲ ಅಭ್ಯಾಸಬಲದಿಂದ ಮಾಡಿದರೆಂದು ಭಾವಿಸಬಾರದು. ಆಂಧ್ರದ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಶಕ ವರ್ಷ 1291ರ, ಅಂದರೆ ಕ್ರಿ. ಶ. 1369ರ, ಸಂಸ್ಕೃತ ಶಾಸನವೊಂದುಂಟು. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು, ಭವದೂರನೆಂಬ ನಾಮಾಂತರವುಳ್ಳವನು, ಉದಯಗಿರಿಯ ಆಡಳಿತದಲ್ಲಿದ್ದಾಗ ಕಟ್ಟಿಸಿದ ಅನಂತರಾಜಸಾಗರವೆಂಬ ಕೆರೆಯ ವೃತ್ತಾಂತ ಅದರಲ್ಲಿದೆ. ಎರಡು ವರ್ಷಗಳ ಕಾಲ ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದುವಂತೆ. ಕೆರೆ ಇಂದಿಗೂ ಇದೆ. 2020ರಲ್ಲಿ ಅಂತಾರಾಷ್ಟ್ರೀಯ ನೀರಾವರಿ ಮಂಡಲಿಯು ಅದನ್ನು ಪಾರಂಪರಿಕ ನೀರಾವರಿ ರಚನೆಗಳ ಪಟ್ಟಿಗೆ ಸೇರಿಸಿತು. ವಿ. ಎಸ್. ಸುಖಠಣಕರರು ಎಪಿಗ್ರಾಫಿಯ ಇಂಡಿಕಾದ ಹದಿನಾಲ್ಕನೆಯ ಸಂಪುಟದಲ್ಲಿ ಸಂಪಾದಿಸಿದ ಈ ಶಾಸನದ ಮಹತ್ತ್ವವಿರುವುದು ದಾನಪ್ರಶಂಸೆಯಲ್ಲಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರತಕ್ಕ ಆರು ದೋಷಗಳನ್ನೂ ಅದು ಎಣಿಸಿ ಹೇಳಿರುವುದರಲ್ಲಿ. ಕಟ್ಟೆಯಿಂದ ನೀರು ಸೋರುವುದು, ನೆಲವು ಕ್ಷಾರಯುಕ್ತವಾಗಿರುವುದು, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ಅಂಗಳದ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ಇದಕ್ಕೆ ಶಾಸನವು ಕೂರ್ಮವೆಂದೇ ಹೆಸರಿಟ್ಟಿದೆ, ನೀರು ಅಲ್ಪವಾಗಿ ಸಾಗುವಳಿಯ ನೆಲ ವಿಸ್ತಾರವಾಗಿರುವುದು, ನೆಲ ಅಲ್ಪವಾಗಿ ನೀರು ಅತಿಯಾಗಿರುವುದು. ಕಡೆಯ ಎರಡು ದೋಷಗಳನ್ನು ಜೊತೆಗಿಟ್ಟು ನೋಡಬೇಕು. ನೀರು ಸಾಲದಿರುವುದು ಕೇಡೆಂದು ಯಾರಾದರೂ ಬಲ್ಲರು. ನೀರು ಹೆಚ್ಚಾಗುವುದೂ ಅಷ್ಟೇ ಕೇಡೆಂದು ಹೇಳಿ, ಎರಡನ್ನೂ ಒಂದೇ ಪಟ್ಟಿಯಲ್ಲಿ ಸಮವಾಗಿಟ್ಟವನು ನೆಲವನ್ನು ಕಣ್ಣಾರೆ ಕಂಡ ಶಾಸ್ತ್ರಜ್ಞನೇ ಸರಿ.

ತುಂಗಭದ್ರೆಗೆ ದೊಡ್ಡ ಅಣೆಕಟ್ಟನ್ನು ಕಟ್ಟಬೇಕೆಂಬ ಆಲೋಚನೆ 1860ರಲ್ಲಿ ಸರ್ ಆರ್ಥರ್ ಕಾಟನ್ನನಿಂದ ಮೊದಲಾಯಿತು. ಹೊಳೆಯ ಒಂದು ದಡ ಮದರಾಸು ಸಂಸ್ಥಾನದ್ದು, ಮತ್ತೊಂದು ಹೈದರಾಬಾದಿನ ನಿಜಾಮನದು. ಇಬ್ಬರಿಗೂ ಒಪ್ಪಿಗೆಯಾಗುವ ವೇಳೆಗೆ ಎಂಬತ್ತು ವರ್ಷಗಳು ಕಳೆದು, 1945ನೆಯ ಫೆಬ್ರವರಿ 28ರಂದು ಎರಡು ದಡಗಳಲ್ಲಿಯೂ ಶಂಕುಸ್ಥಾಪನೆಯಾಯಿತು. ಶಾಸನೋಕ್ತವಾದ ಮೂರನೆಯ ದೋಷವು ಹೀಗೆ ಕಟ್ಟಡಕ್ಕಿಂತ ಮೊದಲೇ ಹುಟ್ಟಿಕೊಂಡಿತು. 1953ರಲ್ಲಿ ಅಣೆಕಟ್ಟು ಬಳಕೆಗೆ ಬಂದಿತು. ಅದೇ ವರ್ಷ ಜಿಲ್ಲೆಯೂ ಒಡೆದು, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೂ ಸೇರಿದುವು. ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಇಂದಿಗೂ ಕರ್ಣಾಟಕದಲ್ಲಿ ಹರಿದು ಆಂಧ್ರದಲ್ಲಿ ಕೊನೆಗಾಣುತ್ತವೆ. ತುಂಗಭದ್ರಾ ಮಂಡಲಿಯು ನೀರನ್ನು ಅಳೆದು ಹಂಚುತ್ತಿರುವುದು.

ಯೋಜನೆ ಮಾಡಿದವರು ಎರೆಭೂಮಿಯ ಸ್ವಭಾವವನ್ನು ಅರಿಯದೆ ಹೊರಟವರಲ್ಲ. ಕಟ್ಟಡಕ್ಕೆ ಮೊದಲೇ, 1937ರಲ್ಲಿ, ಸಿರುಗುಪ್ಪದಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿ ಎರೆಗೆ ನೀರುಣಿಸಿದರೆ ಏನಾಗುವುದೆಂದು ಪರೀಕ್ಷೆಗೆ ತೊಡಗಿದ್ದರು. ಆ ಕೇಂದ್ರವು ಈಗ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ನೀರನ್ನು ಬಹು ವಿಸ್ತಾರವಾದ ನೆಲಕ್ಕೆ ತೆಳುವಾಗಿ ಹಂಚಿ, ಜೋಳ, ಹತ್ತಿ, ಕಡಲೆಕಾಯಿಗಳಂಥ ಪೈರುಗಳನ್ನು ಬರದಿಂದ ಕಾಪಾಡುವುದೇ ಮೂಲೋದ್ದೇಶ. ಯಾವ ಹೊಲಕ್ಕೆ ಯಾವ ಪೈರೆಂದು ಗೊತ್ತುಮಾಡಿ, ಭತ್ತಕ್ಕೆ ಸಣ್ಣ ಪಾಲನ್ನು ಮಾತ್ರ ಬಿಟ್ಟಿದ್ದರು. ಕಾಗದದ ಮೇಲೆ ಇದು ಶಾಸನಕಾರನೂ ತಲೆದೂಗತಕ್ಕ ವ್ಯವಸ್ಥೆ. ನಡೆದುದು ಬೇರೆ. ಕೃಷ್ಣಾ ಗೋದಾವರಿಗಳ ಮುಖಜಭೂಮಿಯಿಂದ, ಭತ್ತದ ಬೇಸಾಯದಲ್ಲಿ ನುರಿತ ಕುಟುಂಬಗಳು ಬಂದು ನೆಲ ಕೊಂಡು ‘ಕ್ಯಾಂಪು’ಗಳೆಂಬ ಹೊಸ ಊರುಗಳನ್ನು ಕಟ್ಟಿದುವು. ಅವರ ಫಸಲನ್ನು ಕಂಡು ಸ್ಥಳದ ರೈತರೂ ಎರೆಗೆ ಬದು ಹಾಕಿ ನಾಟಿ ಮಾಡತೊಡಗಿದರು. ಭತ್ತಕ್ಕೆ ನಿಶ್ಚಿತವಾದ ಬೆಲೆಯುಂಟು, ಕೊಳ್ಳುವ ಗಿರಣಿ ಹತ್ತಿರದಲ್ಲುಂಟು. ಜೋಳಕ್ಕೆ ಅವುಗಳ ನೆಚ್ಚಿಕೆ ಅಷ್ಟಿಲ್ಲ. ರೈತನು ಲೋಭಿಯೆಂದು ಹೇಳುವುದು ಸುಲಭ. ಲೆಕ್ಕ ಬಲ್ಲವನೆಂದು ಹೇಳುವುದು ನ್ಯಾಯ. ಭತ್ತಕ್ಕೆ ಜೋಳದ ಎರಡು ಮೂರು ಪಾಲು ನೀರು ಬೇಕು. ಹೀಗಾಗಿ ಕಾಲುವೆಯ ತಲೆಯ ಕಡೆ ನೆಲಕ್ಕೆ ಮೀರಿದ ನೀರು, ಬಾಲದ ಕಡೆ ನೀರಿಗೆ ಮೀರಿದ ನೆಲ. ಬೇರೆ ಬೇರೆ ಕೆರೆಗಳಿಗೆ ಬರಬಹುದಾದ ಎರಡು ದೋಷಗಳು ಒಂದೇ ಕಾಲುವೆಯಲ್ಲಿ, ಒಂದೇ ದಿನದಲ್ಲಿ ಕಾಣಿಸಿಕೊಂಡುವು.

ಇನ್ನು ಎರಡನೆಯ ದೋಷ. ಎರೆಯ ಮೇಲೆ ತಿಂಗಳುಗಟ್ಟಲೆ ನೀರು ನಿಂತರೆ ಅದು ನಿಧಾನವಾಗಿ ಕೆಳಗಿಳಿದು, ಕೆಳಗಣ ಗಟ್ಟಿನೆಲವನ್ನು ದಾಟಲಾರದೆ ಅಲ್ಲಿಯೇ ಕೂಡಿಕೊಳ್ಳುವುದು. ವರ್ಷವರ್ಷಕ್ಕೂ ಆ ಅಂತರ್ಜಲದ ಮಟ್ಟ ಮೇಲೇರುವುದು. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ಜೇಡಿಮಣ್ಣಿನ ಸೂಕ್ಷ್ಮರಂಧ್ರಗಳು ಆ ನೀರನ್ನು ಮೇಲಕ್ಕೆ ಸೆಳೆಯುವುವು. ಆಳದಲ್ಲಿ ಮಲಗಿದ್ದ ಉಪ್ಪು ನೀರಿನೊಡನೆ ಮೇಲೆದ್ದು ಬರುವುದು. ಬಿಸಿಲಿಗೆ ನೀರು ಹಾರಿಹೋಗಿ ಉಪ್ಪು ಬೇರಿನ ಬಳಿಯೇ ಉಳಿಯುವುದು. ಅದರಲ್ಲಿ ಸೋಡಿಯಮ್ಮಿನ ಅಂಶ ಹೆಚ್ಚಿದರೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದರಿ, ನೆಲವು ಒಣಗಿದಾಗ ಕಲ್ಲಾಗಿ ನೆನೆದಾಗ ಅಂಟಾಗಿ, ಗಾಳಿ ನೀರುಗಳೆರಡಕ್ಕೂ ಬಾಗಿಲು ಮುಚ್ಚಿಬಿಡುವುದು. ಈ ಪ್ರಕ್ರಿಯೆಯ ಎರಡು ಅವಸ್ಥೆಗಳಿಗೂ ಕನ್ನಡಿಗ ರೈತನು ಬೇರೆ ಬೇರೆ ಹೆಸರಿಟ್ಟುಕೊಂಡಿರುವುದು ಗಮನಾರ್ಹ: ನೀರು ನಿಂತು ಕೆಟ್ಟ ನೆಲ ಜವಳು, ಉಪ್ಪೆದ್ದು ಕೆಟ್ಟ ನೆಲ ಸವಳು. ಸಂಸ್ಕೃತಕೋಶದ ಊಷರಕ್ಕಿಂತ ಈ ಜೋಡಿ ಹೆಚ್ಚು ನಿಷ್ಕೃಷ್ಟವಾದುದು. ಯಾಕೆಂದರೆ ಇವೆರಡರಲ್ಲಿ ಮೊದಲನೆಯದೇ ಎರಡನೆಯದರ ತಾಯಿ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟಿರುವ ನೆಲವು 90,000 ಹೆಕ್ಟೇರುಗಳಿಗೂ ಮಿಕ್ಕಿದೆಯೆಂದು ಎಣಿಸಿದ್ದಾರೆ.

ಕೂರ್ಮದೋಷವನ್ನೂ ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಕಟ್ಟಿದಾಗ ಜಲಾಶಯವು ಸುಮಾರು 133 ಶತಕೋಟಿ ಘನ ಅಡಿ ನೀರನ್ನು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು 106ರಷ್ಟಾಗಿದೆ. ಅಂದರೆ ಐದರಲ್ಲಿ ಒಂದು ಪಾಲು ಮಣ್ಣಾಯಿತು. ಆ ಹೂಳು ಆಕಾಶದಿಂದ ಬಿದ್ದುದಲ್ಲ. ಮೇಲಣ ಸೀಮೆಗಳ ಕಾಡು ಕಡಿದ ಇಳಿಜಾರುಗಳಿಂದಲೂ ಬದುವಿಲ್ಲದ ಹೊಲಗಳಿಂದಲೂ ತೊಳೆದುಬಂದ ಮೇಲ್ಮಣ್ಣು. ಒಬ್ಬನ ಹೊಲದ ನಷ್ಟವೇ ಮತ್ತೊಬ್ಬನ ಕೆರೆಯ ನಷ್ಟವಾಗುವುದು ಹೀಗೆ. ಮೊದಲನೆಯ ದೋಷವು ಕೂಡ 2024ನೆಯ ಆಗಸ್ಟ್ 10ರ ರಾತ್ರಿ ತೋರಿಕೊಂಡಿತು: ಅಣೆಯ 33 ತೂಬುಬಾಗಿಲುಗಳಲ್ಲಿ 19ನೆಯದರ ಸರಪಣಿ ಹರಿದು ಬಾಗಿಲು ಕೊಚ್ಚಿಹೋಯಿತು. ಒಂದು ವಾರದೊಳಗೆ ಹರಿವ ನೀರಿನಲ್ಲಿಯೇ ಅದಕ್ಕೆ ತಡೆ ಹಾಕಿದವರ ಸಾಹಸ ಕೊಂಡಾಡತಕ್ಕದ್ದು.

ಜಾಂಗಲವು ಅನೂಪವಾದಾಗ ಗಿಡ ಮಾತ್ರವೇ ಅಲ್ಲ, ಪ್ರಾಣಿ ರೋಗಗಳೂ ಬದಲಾಗುವುವೆಂದು ಆಯುರ್ವೇದವು ಹೇಳಿದ ಮಾತಿಗೆ ಸಿರುಗುಪ್ಪವು ಎರಡು ನಿದರ್ಶನಗಳನ್ನು ಒದಗಿಸುವುದು. ಮೊದಲನೆಯದು ಎರೆಭೂತವೆಂಬ ಹಕ್ಕಿ. ಸುಮಾರು ಒಂದು ಮೀಟರು ಎತ್ತರವಾಗಿ, ಬಿಳಿಯ ಕತ್ತನ್ನು ಚಾಚಿಕೊಂಡು ಕಪ್ಪುಹೊಲದ ನಡುವೆ ಸದ್ದಿಲ್ಲದೆ ನಿಂತಿರುವ ಇದಕ್ಕೆ ‘ಎರೆಯ ಭೂತ’ವೆಂದು ಹೆಸರಿಟ್ಟ ಹಳ್ಳಿಗನು ಕವಿಯೇ ಇರಬೇಕು. ಮಿಡತೆ, ಜೀರುಂಡೆ, ಓತಿ, ಕಾಳು, ಎಲಚಿಹಣ್ಣು ಇದರ ಆಹಾರ. ಗೂಡು ಕಟ್ಟುವುದಿಲ್ಲ, ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವುದು. ಬೀಳುಬಿಟ್ಟ ಹುಲ್ಲುಬಯಲೂ ಮಳೆಯಾಧಾರದ ಜೋಳ ಕಡಲೆಗಳ ಹೊಲವೂ ಇದರ ಮನೆ. ನೀರು ನಿಂತ ಗದ್ದೆಯಲ್ಲಿ ಇದಕ್ಕೆ ಹೆಜ್ಜೆಯಿಡಲು ಎಡೆಯಿಲ್ಲ. ಪಕ್ಕದ ನೋಟ ಬಲ್ಲ ಇದರ ಕಣ್ಣು ನೇರವಾಗಿ ಎದುರಿಗಿರುವುದನ್ನು ಚೆನ್ನಾಗಿ ಕಾಣದ ಕಾರಣ ವಿದ್ಯುತ್ತಿನ ತಂತಿಗಳಿಗೆ ಹಾರಿ ಬಡಿದು ಸಾಯುವುದೂ ಉಂಟು. 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇದರ ಹೆಸರಿದೆ. ಲೋಕದಲ್ಲೆಲ್ಲ ಇಂದು ಉಳಿದಿರುವುದು ಸುಮಾರು 150 ಎಂದು ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ಕರ್ಣಾಟಕದಲ್ಲಿ ಬೆರಳಲ್ಲಿ ಎಣಿಸುವಷ್ಟು ಹಕ್ಕಿಗಳು ಉಳಿದಿರುವುದು ಸಿರುಗುಪ್ಪ ತಾಲ್ಲೂಕಿನ, ಇನ್ನೂ ದೇವಮಾತೃಕವಾಗಿರುವ ಬಯಲುಗಳಲ್ಲಿ.

ಎರಡನೆಯದು ಜಪಾನೀ ಮಿದುಳುಜ್ವರ. ಬಳ್ಳಾರಿ ಜಿಲ್ಲೆಯು ಈ ರೋಗ ನೆಲೆಸಿರುವ ಜಿಲ್ಲೆಗಳಲ್ಲೊಂದೆಂದು ವೈದ್ಯರಿಗೆಲ್ಲ ವಿದಿತ. ರೋಗಬೀಜವು ಬೆಳ್ಳಕ್ಕಿ ಮೊದಲಾದ ನೀರುಹಕ್ಕಿಗಳ ಮೈಯಲ್ಲಿ ಇದ್ದು ಅವುಗಳಿಗೆ ಹಾನಿ ಮಾಡದು. ಹಂದಿಗಳ ಮೈಯಲ್ಲಿ ಅದು ಬೆಳೆದು ಹೆಚ್ಚುವುದು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಒಂದು ಜಾತಿಯ ಸೊಳ್ಳೆಯು ಅದನ್ನು ಅಲ್ಲಿಂದ ಮಕ್ಕಳಿಗೆ ಸಾಗಿಸುವುದು. ಬೆಳ್ಳಕ್ಕಿಯೂ ಗದ್ದೆಯೂ ಸೊಳ್ಳೆಯೂ ಅನೂಪದ ಸಂತತಿಯೇ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಪುನರ್ವಸು ಆತ್ರೇಯನು ಅಗ್ನಿವೇಶನಿಗೆ ಜನಪದಧ್ವಂಸದ ಕಾರಣಗಳನ್ನು ಹೇಳುವಾಗ, ವಾಯು, ಉದಕ, ದೇಶ, ಕಾಲಗಳು ಕೆಡುವುದನ್ನು ವರ್ಣಿಸಿ, ಕೆಟ್ಟ ದೇಶದ ಲಕ್ಷಣಗಳಲ್ಲಿ ಸೊಳ್ಳೆಗಳ ಬಾಹುಳ್ಯವನ್ನೂ ಸೇರಿಸಿದ್ದಾನೆ. ರೋಗಬೀಜದ ವಿಚಾರ ಅವನಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಅತಿಪ್ರಸಂಗ. ದೇಶ ಕೆಟ್ಟರೆ ದೇಹ ಕೆಡುವುದೆಂಬ ಸಂಬಂಧವನ್ನು ಅವನು ಕಂಡಿದ್ದನೆಂದರೆ ಸಾಕು. ಇತ್ತೀಚೆಗೆ ಮಕ್ಕಳಿಗೆ ಲಸಿಕೆ ಹಾಕುವ ಏರ್ಪಾಡು ಬಂದಿರುವುದು ಸಮಾಧಾನದ ಸಂಗತಿ.

ಹೊಳೆಯ ನೀರು ಮುಟ್ಟದ ಕಡೆಗಳಲ್ಲಿ ಮತ್ತೊಂದು ಬಗೆಯ ಮಾರ್ಪಾಟಾಗಿದೆ. ಬಳ್ಳಾರಿ ನಗರದಿಂದ ಯಾವ ದಿಕ್ಕಿಗೆ ಹೊರಟರೂ ದಾರಿಯ ಇಕ್ಕೆಲಗಳಲ್ಲಿ ಕಾಣುವ ಮುಳ್ಳುಪೊದೆಗೆ ಕನ್ನಡನಾಡೆಲ್ಲ ‘ಬಳ್ಳಾರಿ ಜಾಲಿ’ ಎಂದೇ ಕರೆಯುವುದು. ಹೆಸರು ಬಳ್ಳಾರಿಯದಾದರೂ ಹುಟ್ಟು ಅಮೆರಿಕಾ ಖಂಡದ್ದು. 1877ರ ಸುಮಾರಿನಲ್ಲಿ ಸೌದೆಗೂ ಮರುಭೂಮಿ ಹಬ್ಬದಂತೆ ತಡೆಯುವುದಕ್ಕೂ ಅದನ್ನು ಈ ದೇಶಕ್ಕೆ ತಂದರು. ಇದು ನಮ್ಮ ಬನ್ನಿಯ ಹತ್ತಿರದ ಬಂಧು. ಆಡುಗಳು ಕಾಯಿ ತಿಂದು ಹಿಕ್ಕೆಯೊಡನೆ ಬೀಜವನ್ನು ಬಿತ್ತುವುವು; ಕಡಿದಷ್ಟೂ ಬುಡದಲ್ಲಿ ಚಿಗುರುವುದು; ಸವಳಿನಲ್ಲಿಯೂ ಬೆಳೆಯುವುದು. ಬಡವರ ಒಲೆ ಉರಿಯುವುದೂ ಇದ್ದಿಲು ಸುಡುವವರ ಹೊಟ್ಟೆ ತುಂಬುವುದೂ ಇದರಿಂದ. ಆದಕಾರಣ ಇದನ್ನು ಶಪಿಸುವಾಗ ಮಾತು ಅಳತೆಯಲ್ಲಿರಬೇಕು. ಆದರೂ ಕೆರೆಯಂಗಳಗಳನ್ನೂ ಹುಲ್ಲುಗಾವಲುಗಳನ್ನೂ ಇದು ಆಕ್ರಮಿಸಿದಲ್ಲಿ ಎಲಚಿ ಬನ್ನಿಗಳಿಗೆ ಜಾಗ ಸಿಕ್ಕದು. ಬಯಲಿನ ಹಕ್ಕಿಗೂ ಸಿಕ್ಕದು. ಮರ ನೆಡುವುದೆಲ್ಲವೂ ಪ್ರಕೃತಿಯ ಸೇವೆಯೆಂಬ ನಂಬಿಕೆಗೆ ಇದು ಒಳ್ಳೆಯ ಪ್ರತ್ಯುದಾಹರಣೆ.

ಪರಿಹಾರದ ವಿಷಯದಲ್ಲಿಯೂ ದೇಶಸ್ವಭಾವವೇ ಪ್ರಮಾಣ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಗಾಗಿ ಕೇಂದ್ರ ಸರ್ಕಾರದ ಸಂಶೋಧನಾಲಯವೊಂದು ಪ್ರಾರಂಭವಾಯಿತು. ಕೆಂಪುನೆಲದಲ್ಲಿ ಸಮಮಟ್ಟದ ಬದುಗಳು ಮಳೆನೀರನ್ನು ತಡೆದು ಇಂಗಿಸುವುವೆಂಬುದು ಆ ವೇಳೆಗೆ ಪ್ರಸಿದ್ಧವಾಗಿತ್ತು. ಅದೇ ಬದುಗಳನ್ನು ಆಳವಾದ ಎರೆಯಲ್ಲಿ ಹಾಕಿದಾಗ ಬೇಸಗೆಯಲ್ಲಿ ಅವು ಬಿರಿದುವು. ಮಳೆಗಾಲದಲ್ಲಿ ಒಂದು ಕಡೆ ನೀರು ನಿಂತು ಪೈರು ಕೊಳೆಯಿತು, ಮತ್ತೊಂದು ಕಡೆ ಬಿರುಕಿನಲ್ಲಿ ನೀರು ನುಗ್ಗಿ ಬದುವೇ ಒಡೆಯಿತು. ಆಮೇಲೆ ಎರೆಗೆ ಬೇರೆ ಕ್ರಮವನ್ನು ಕಂಡುಕೊಂಡರು: ಬದುವಿಗೆ ಸ್ವಲ್ಪ ವಾಟವನ್ನು ಕೊಟ್ಟು, ಹೆಚ್ಚಾದ ನೀರನ್ನು ಹುಲ್ಲು ಬೆಳೆದ ಕಾಲುವೆಯಲ್ಲಿ ಮೆಲ್ಲಗೆ ಹೊರಕ್ಕೆ ಕಳುಹಿಸಿ, ಹೊಲದ ತಗ್ಗಿನಲ್ಲಿ ಹೊಂಡ ತೋಡಿ ಹಿಡಿದಿಡುವುದು. ಮಸಾರಿಗೆ ನೀರನ್ನು ನಿಲ್ಲಿಸುವುದು ಹಿತ. ಎರೆಗೆ ದಾರಿ ಬಿಡುವುದು ಹಿತ.

ಸವಳಿನ ಚಿಕಿತ್ಸೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಹೊಲದೊಳಗೆ ರಂಧ್ರಗಳುಳ್ಳ ಕೊಳವೆಗಳನ್ನು ಹೂತು, ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡುವುದು ಮೊದಲ ಕೆಲಸ. ಸೋಡಿಯಮ್ಮು ಸೇರಿದ ನೆಲಕ್ಕೆ ಜಿಪ್ಸಮ್ಮನ್ನು ಬೆರಸಿದರೆ ಅದರ ಸುಣ್ಣದಂಶವು ಜೇಡಿಗೆ ಅಂಟಿಕೊಂಡು ಸೋಡಿಯಮ್ಮನ್ನು ಬಿಡಿಸುವುದು. ಬಿಡಿಸಿದುದನ್ನು ನೀರಿನಿಂದ ತೊಳೆದು ಹೊರಹಾಕದಿದ್ದರೆ ಹಾಕಿದ ಜಿಪ್ಸಮ್ಮು ವ್ಯರ್ಥ. ಸಣಬು, ದಯಂಚಗಳನ್ನು ಬಿತ್ತಿ ಹೂವಿಗೆ ಬರುವ ವೇಳೆಗೆ ಮಗುಚಿ ಉತ್ತರೆ ಮಣ್ಣು ಸಡಿಲವಾಗುವುದು. ಇವೆಲ್ಲಕ್ಕೂ ಖರ್ಚುಂಟು, ಒಬ್ಬ ರೈತನಿಂದ ಆಗುವ ಕೆಲಸವೂ ಅಲ್ಲ; ಮೇಲಿನ ಹೊಲದವನು ಭತ್ತವನ್ನೇ ನಾಟಿ ಮಾಡುತ್ತಿದ್ದರೆ ಕೆಳಗಿನವನ ಕೊಳವೆಗೆ ಬಿಡುವಿರದು. ಬಾಲದ ಹೊಲಗಳಿಗೆ ನೀರು ಮುಟ್ಟಬೇಕಾದರೂ ತಲೆಯ ಹೊಲಗಳು ಸವಳಾಗದಿರಬೇಕಾದರೂ ಮಾಡಬೇಕಾದುದು ಒಂದೇ ಕೆಲಸ: ತಲೆಯಲ್ಲಿ ಭತ್ತದ ವಿಸ್ತಾರವನ್ನು ಇಳಿಸುವುದು. ಜೋಳ, ಕಡಲೆ, ಹತ್ತಿಗಳಿಗೂ ಭತ್ತಕ್ಕಿರುವಂತೆ ನೆಚ್ಚಬಹುದಾದ ಬೆಲೆ ದೊರೆತಲ್ಲದೆ ಅದು ಬರಿಯ ಉಪದೇಶದಿಂದ ಆಗುವುದಿಲ್ಲ.

ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದುದು ಹಳ್ಳಗಳನ್ನು. ಎರೆಬಯಲಿನಲ್ಲಿ ಹೊಲಹೊಲಗಳ ನಡುವೆ ಹರಿದು ಹಗರಿಗೋ ತುಂಗಭದ್ರೆಗೋ ಸೇರುವ ಸಣ್ಣ ಹಳ್ಳಗಳು ಆ ನೆಲದ ಬಚ್ಚಲುಗಳು. ವರ್ಷದಲ್ಲಿ ಬಹುಕಾಲ ಒಣಗಿರುವುದರಿಂದ ಅವು ನಿಷ್ಪ್ರಯೋಜಕವೆಂದು ತೋರುವುವು. ಗದ್ದೆಯ ಬೆಲೆ ಏರಿದಂತೆ ಇಕ್ಕೆಲದವರು ಒಂದೊಂದು ಗುಳದಗಲ ಉತ್ತು ಒಳಕ್ಕೆ ಸೇರಿಸಿಕೊಳ್ಳುತ್ತಾರೆ. ಉಳಿದ ಕಡೆ ಬಳ್ಳಾರಿ ಜಾಲಿಯೂ ಜೊಂಡೂ ಬೆಳೆದು ಹೂಳು ಕಟ್ಟುವುದು. ಹಾಗೆ ಮುಚ್ಚಿಹೋದ ಹಳ್ಳದ ಮೇಲುಗಡೆ ಎರಡು ಮೂರು ಬೆಳೆಗಳು ಕಳೆಯುವಷ್ಟರಲ್ಲಿ, ಬೇಸಗೆಯ ಬೆಳಗ್ಗೆ ಹೊಲದ ತಗ್ಗಿನ ಮೂಲೆಯಲ್ಲಿ ಬಿಳಿಯ ಹೂ ಹೂತಂತೆ ಉಪ್ಪು ಕಾಣಿಸಿಕೊಳ್ಳುವುದು. ಮೊದಲು ಅದು ಒಂದು ಚಾಪೆಯಷ್ಟಗಲ ಮಾತ್ರ ಇರುವುದು. ಆ ಅಗಲದಲ್ಲಿರುವಾಗ ಹಳ್ಳವನ್ನು ತೋಡಿ ಬಿಡಿಸಿದರೆ ಸಾಕು. ಎಕರೆಗಟ್ಟಲೆ ಹಬ್ಬಿದ ಮೇಲೆ ಕೊಳವೆ, ಜಿಪ್ಸಮ್ಮು, ಸರ್ಕಾರದ ಸಹಾಯ ಎಲ್ಲವೂ ಬೇಕಾಗುವುವು.